ಮಿನಿಯೇಚರ್ ಕುದುರೆಗಳಲ್ಲಿ ಗರ್ಭಪತ್ತೆ

ಮಿನಿಯೇಚರ್ ಕುದುರೆಗಳಲ್ಲಿ ಗರ್ಭಪತ್ತೆ ಎಂದರೆ ಕುಳ್ಳ ಗಾತ್ರಕ್ಕೆಂದೇ ಆಯ್ದು ಬೆಳೆಸಲಾದ ಮಿನಿಯೇಚರ್ ತಳಿಯ ಹೆಣ್ಣು ಕುದುರೆಯು ಗಬ್ಬವಾಗಿದೆಯೇ ಇಲ್ಲವೇ ಎಂಬುದನ್ನು ಬಾಹ್ಯ ಲಕ್ಷಣ, ಅಲ್ಟ್ರಾಸೌಂಡ್ ಮತ್ತು ಹಾರ್ಮೋನು ಪರೀಕ್ಷೆಗಳ ಮೂಲಕ ನಿರ್ಧರಿಸುವ ಕ್ರಮ. ಗರ್ಭಧಾರಣೆಯ ಮೂಲ ಪ್ರಕ್ರಿಯೆಯಲ್ಲಿ ಈ ತಳಿಗೂ ದೊಡ್ಡ ಕುದುರೆಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ದೇಹದ ಗಾತ್ರ ಚಿಕ್ಕದಾಗಿರುವುದರಿಂದ, ದೊಡ್ಡ ಕುದುರೆಗಳಲ್ಲಿ ವಾಡಿಕೆಯಾಗಿರುವ ಗುದನಾಳದ ಮೂಲಕದ ಪರೀಕ್ಷೆಯು ಇವುಗಳಲ್ಲಿ ಕಷ್ಟಕರವೂ ಕೆಲವೊಮ್ಮೆ ಅಪಾಯಕಾರಿಯೂ ಆಗುತ್ತದೆ. ಹೊಟ್ಟೆಯ ಗಾತ್ರವನ್ನು ನೋಡಿ ಗರ್ಭವನ್ನು ಊಹಿಸುವುದೂ ಈ ತಳಿಯಲ್ಲಿ ವಿಶ್ವಾಸಾರ್ಹವಲ್ಲ. ಪ್ರತಿಯೊಂದು ಪರೀಕ್ಷೆಗೂ ಅದು ಸರಿಯಾದ ಫಲಿತಾಂಶ ನೀಡುವ ನಿರ್ದಿಷ್ಟ ಕಾಲಾವಧಿಯಿದೆ. ಆ ಅವಧಿಯ ಹೊರಗೆ ಮಾಡಿದ ಪರೀಕ್ಷೆಯು ತಪ್ಪು ತೀರ್ಮಾನಕ್ಕೆ ಎಡೆಮಾಡಿಕೊಡುತ್ತದೆ.

## ಹಿನ್ನೆಲೆ

ಮಿನಿಯೇಚರ್ ಕುದುರೆಗಳನ್ನು ಅಮೆರಿಕ ಸಂಯುಕ್ತ ಸಂಸ್ಥಾನ, ಅರ್ಜೆಂಟೀನಾ ಮತ್ತು ಯೂರೋಪಿನ ದೇಶಗಳಲ್ಲಿ ಮುಖ್ಯವಾಗಿ ಪ್ರದರ್ಶನಕ್ಕಾಗಿ ಮತ್ತು ಸಾಕುಪ್ರಾಣಿಗಳಾಗಿ ಬೆಳೆಸಲಾಗುತ್ತದೆ. 1978ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಸಂಸ್ಥೆಯ ನಿಯಮದಂತೆ ಇವುಗಳ ಎತ್ತರ 34 ಇಂಚುಗಳನ್ನು (ಸುಮಾರು 86 ಸೆಂ.ಮೀ.) ಮೀರುವಂತಿಲ್ಲ. ಎತ್ತರವನ್ನು ಕುತ್ತಿಗೆಯ ಜೂಲಿನ ಕೊನೆಯ ಕೂದಲಿರುವ ಸ್ಥಳದಿಂದ ಅಳೆಯಲಾಗುತ್ತದೆ. ಅಮೆರಿಕನ್ ಮಿನಿಯೇಚರ್ ಹಾರ್ಸ್ ರಿಜಿಸ್ಟ್ರಿಯು 34 ಇಂಚಿನವರೆಗಿನ ಕುದುರೆಗಳನ್ನು ‘ಎ’ ವಿಭಾಗದಲ್ಲೂ 34ರಿಂದ 38 ಇಂಚಿನವುಗಳನ್ನು ‘ಬಿ’ ವಿಭಾಗದಲ್ಲೂ ದಾಖಲಿಸುತ್ತದೆ. ಅರ್ಜೆಂಟೀನಾದ ಫಲಬೆಲ್ಲಾ ತಳಿಯು ಈ ಗಾತ್ರದ ಕುದುರೆಗಳಲ್ಲಿ ಪ್ರಸಿದ್ಧವಾದುದು.

## ಬೆದೆ ಮತ್ತು ಗರ್ಭಾವಧಿ

ಹೆಣ್ಣು ಕುದುರೆಯು ಹಗಲು ದೀರ್ಘವಾಗಿರುವ ಋತುವಿನಲ್ಲಿ ಬೆದೆಗೆ ಬರುವ ಪ್ರಾಣಿ. ಉತ್ತರ ಗೋಳಾರ್ಧದಲ್ಲಿ ವಸಂತದಿಂದ ಶರತ್ಕಾಲದ ಆರಂಭದವರೆಗೆ ಬೆದೆಯ ಚಕ್ರಗಳು ಮರುಕಳಿಸುತ್ತವೆ. ಚಳಿಗಾಲದಲ್ಲಿ ಬಹುಪಾಲು ಕುದುರೆಗಳ ಅಂಡಾಶಯಗಳು ನಿಷ್ಕ್ರಿಯವಾಗಿರುತ್ತವೆ. ಒಂದು ಚಕ್ರದ ಅವಧಿ ಸುಮಾರು 21 ದಿನಗಳು. ಅದರಲ್ಲಿ 5ರಿಂದ 7 ದಿನಗಳ ಕಾಲ ಬೆದೆಯಿರುತ್ತದೆ. ಬೆದೆ ಮುಗಿಯುವ ಒಂದೆರಡು ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಗರ್ಭಪತ್ತೆಯ ದಿನಗಳನ್ನು ಸಾಮಾನ್ಯವಾಗಿ ಈ ಅಂಡ ಬಿಡುಗಡೆಯ ದಿನದಿಂದ ಎಣಿಸಲಾಗುತ್ತದೆ.

ಕುದುರೆಗಳ ಗರ್ಭಾವಧಿ ಸುಮಾರು 11 ತಿಂಗಳು. ದೊಡ್ಡ ತಳಿಗಳಲ್ಲಿ 320ರಿಂದ 365 ದಿನಗಳವರೆಗಿನ ವ್ಯಾಪ್ತಿಯನ್ನು ಸಹಜವೆಂದು ಪರಿಗಣಿಸಲಾಗುತ್ತದೆ. ಮಿನಿಯೇಚರ್ ಕುದುರೆಗಳಲ್ಲಿ ಈ ಅವಧಿಯು ಸ್ವಲ್ಪ ಕಡಿಮೆಯಿರುವುದು ಸಾಮಾನ್ಯ. ಮರಿ ಹಾಕಿದ ನಂತರ 5ರಿಂದ 12 ದಿನಗಳೊಳಗೆ ತಾಯಿ ಕುದುರೆಯು ಮತ್ತೆ ಬೆದೆಗೆ ಬರಬಹುದು. ಆದುದರಿಂದ ಮರಿಗೆ ಹಾಲೂಡಿಸುತ್ತಿರುವ ಕುದುರೆಯು ಅದೇ ಸಮಯದಲ್ಲಿ ಮುಂದಿನ ಗರ್ಭವನ್ನು ಹೊತ್ತಿರುವುದು ಅಸಹಜವಲ್ಲ.

## ಖಚಿತ ಪತ್ತೆಯ ಅಗತ್ಯ

ಗರ್ಭವಿದೆಯೇ ಎಂಬುದು ತಿಳಿಯದೆ ಇದ್ದಾಗ ಎರಡು ಬಗೆಯ ತಪ್ಪುಗಳಾಗುತ್ತವೆ. ಗಬ್ಬದ ಕುದುರೆಯನ್ನು ಕೇವಲ ಕೊಬ್ಬಿದ ಕುದುರೆಯೆಂದು ಭಾವಿಸಿ ಮೇವನ್ನು ಕಡಿತಗೊಳಿಸುವುದು ಮೊದಲನೆಯದು. ಮಿನಿಯೇಚರ್ ಕುದುರೆ ಮತ್ತು ಪೋನಿಗಳಲ್ಲಿ, ಅದರಲ್ಲೂ ಗರ್ಭದ ಕೊನೆಯ ತಿಂಗಳುಗಳಲ್ಲಿ, ಆಹಾರ ಥಟ್ಟನೆ ಕಡಿಮೆಯಾದರೆ ದೇಹದ ಕೊಬ್ಬು ಅತಿಯಾಗಿ ಕರಗಿ ರಕ್ತಕ್ಕೆ ಸೇರುತ್ತದೆ. ಹೈಪರ್‌ಲಿಪೀಮಿಯಾ ಎಂಬ ಈ ಸ್ಥಿತಿಯಲ್ಲಿ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ತಾಯಿಯೂ ಮರಿಯೂ ಸಾವಿಗೀಡಾಗಬಹುದು. ಗರ್ಭವಿಲ್ಲದ ಕುದುರೆಯನ್ನು ಗಬ್ಬದ ಕುದುರೆಯೆಂದು ತಿಳಿದು ಹೆಚ್ಚು ಧಾನ್ಯ ತಿನ್ನಿಸುವುದು ಎರಡನೆಯದು. ಇದರಿಂದ ಬೊಜ್ಜು ಬೆಳೆದು, ಗೊರಸಿನ ಒಳಪದರದ ಉರಿಯೂತವಾದ ಲ್ಯಾಮಿನೈಟಿಸ್ ರೋಗವು ಬರುವ ಸಂಭವ ಹೆಚ್ಚುತ್ತದೆ.

ಇದರ ಜೊತೆಗೆ ಕೆಳಗಿನ ಕಾರಣಗಳಿಗಾಗಿಯೂ ಗರ್ಭಪತ್ತೆಯು ಅಗತ್ಯವಾಗಿದೆ:

* ಕಷ್ಟದ ಹೆರಿಗೆ: ಈ ತಳಿಯಲ್ಲಿ ತಾಯಿಯ ಸೊಂಟದ ಕುಳಿಗೆ ಹೋಲಿಸಿದರೆ ಮರಿಯ ತಲೆ ದೊಡ್ಡದಾಗಿರುತ್ತದೆ, ಹಣೆಯೂ ಉಬ್ಬಿರುತ್ತದೆ. ಹೀಗಾಗಿ ಹೆರಿಗೆಯ ತೊಡಕುಗಳು ಹೆಚ್ಚು. ದಿನ ತಿಳಿಯದ ಕುದುರೆಗೆ ಹೆರಿಗೆಯ ವೇಳೆ ಸಹಾಯ ದೊರೆಯುವುದಿಲ್ಲ.
* ಅವಳಿ ಗರ್ಭ: ಕುದುರೆಯ ಗರ್ಭಕೋಶವು ಎರಡು ಮರಿಗಳನ್ನು ಪೂರ್ಣಾವಧಿಯವರೆಗೆ ಪೋಷಿಸುವುದು ಅಪರೂಪ. ಮುಂದುವರಿದ ಅವಳಿ ಗರ್ಭಗಳಲ್ಲಿ ಬಹುಪಾಲು ಗರ್ಭಪಾತದಲ್ಲಿ ಕೊನೆಗೊಳ್ಳುತ್ತವೆ.
* ಔಷಧಗಳು: ಬೆದೆಗೆ ತರಲು ಕೊಡುವ ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು ಗಬ್ಬದ ಕುದುರೆಯಲ್ಲಿ ಗರ್ಭಪಾತಕ್ಕೆ ಕಾರಣವಾಗಬಲ್ಲುದು. ಆದ್ದರಿಂದ ಅದನ್ನು ನೀಡುವ ಮುನ್ನ ಗರ್ಭವಿಲ್ಲವೆಂಬುದು ದೃಢಪಡಬೇಕು.

## ಬಾಹ್ಯ ಲಕ್ಷಣಗಳು ಮತ್ತು ಅವುಗಳ ಮಿತಿ

### ಬೆದೆ ನಿಲ್ಲುವುದು

ಕೂಡಿಸಿದ ನಂತರ 16ರಿಂದ 21 ದಿನಗಳ ಅವಧಿಯಲ್ಲಿ ಹೆಣ್ಣು ಕುದುರೆಯನ್ನು ಗಂಡು ಕುದುರೆಯ ಸಮೀಪಕ್ಕೆ ತಂದು ಅದರ ವರ್ತನೆಯನ್ನು ಗಮನಿಸುವುದು ಹಳೆಯ ಪದ್ಧತಿ. ಬೆದೆಯಲ್ಲಿರುವ ಕುದುರೆಯು ಬಾಲವನ್ನೆತ್ತಿ, ಹಿಂಗಾಲುಗಳನ್ನು ಅಗಲಿಸಿ, ಸ್ವಲ್ಪ ಸ್ವಲ್ಪವಾಗಿ ಮೂತ್ರ ವಿಸರ್ಜಿಸುತ್ತದೆ. ಗಬ್ಬವಾಗಿದ್ದರೆ ಸಾಮಾನ್ಯವಾಗಿ ಕಿವಿಗಳನ್ನು ಹಿಂದಕ್ಕೆ ಮಡಿಸಿ ಒದೆಯಲು ಮುಂದಾಗುತ್ತದೆ. ಆದರೆ ಋತು ಮುಗಿದಿರುವುದು, ಪೀತಪಿಂಡವು ಕರಗದೆ ಉಳಿದಿರುವುದು, ಜೊತೆಗಿರುವ ಮರಿಯನ್ನು ರಕ್ಷಿಸುವ ಸ್ವಭಾವ ಮುಂತಾದ ಕಾರಣಗಳಿಂದ ಗರ್ಭವಿಲ್ಲದ ಕುದುರೆಯೂ ಗಂಡನ್ನು ನಿರಾಕರಿಸಬಹುದು. ವಿರಳವಾಗಿ ಗಬ್ಬದ ಕುದುರೆಯೇ ಬೆದೆಯ ಲಕ್ಷಣ ತೋರುವುದೂ ಉಂಟು.

### ಹೊಟ್ಟೆಯ ಆಕಾರ

ಮಿನಿಯೇಚರ್ ಕುದುರೆಗಳ ಹೊಟ್ಟೆಯು ನಾರಿನಂಶ ಹೆಚ್ಚಿರುವ ಒಣಹುಲ್ಲಿನಿಂದ, ಜಂತುಹುಳುಗಳ ಬಾಧೆಯಿಂದ ಅಥವಾ ಸ್ನಾಯುಗಳ ಸಡಿಲಿಕೆಯಿಂದ ಸುಲಭವಾಗಿ ಜೋತುಬೀಳುತ್ತದೆ. ಹಲವು ಬಾರಿ ಮರಿ ಹಾಕಿದ ಕುದುರೆಯ ಹೊಟ್ಟೆಯು ಗರ್ಭವಿಲ್ಲದಿದ್ದಾಗಲೂ ದೊಡ್ಡದಾಗಿ ಕಾಣಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಮೊದಲ ಗರ್ಭದ ಕುದುರೆಯ ಹೊಟ್ಟೆಯು ಹೆರಿಗೆಯ ಸಮೀಪದವರೆಗೂ ಎದ್ದು ಕಾಣದಿರಬಹುದು. ಚಳಿಗಾಲದ ದಟ್ಟ ರೋಮವೂ ದೇಹದ ನಿಜವಾದ ಆಕಾರವನ್ನು ಮರೆಮಾಡುತ್ತದೆ. ಭ್ರೂಣದ ಬೆಳವಣಿಗೆಯ ಬಹುಭಾಗವು ಕೊನೆಯ ಮೂರು ತಿಂಗಳುಗಳಲ್ಲಿ ನಡೆಯುವುದರಿಂದ, ಅದಕ್ಕೆ ಮುಂಚಿನ ಹೊಟ್ಟೆಯ ಗಾತ್ರವನ್ನು ಗರ್ಭದ ಸೂಚಕವೆಂದು ಪರಿಗಣಿಸಲಾಗದು.

### ಮರಿಯ ಚಲನೆ

ಗರ್ಭದ ಉತ್ತರಾರ್ಧದಲ್ಲಿ, ವಿಶೇಷವಾಗಿ ಕೊನೆಯ ಮೂರು ತಿಂಗಳುಗಳಲ್ಲಿ, ಪಕ್ಕೆಯ ಕೆಳಭಾಗದಲ್ಲಿ ಮರಿಯ ಚಲನೆಯನ್ನು ಕಾಣಬಹುದು ಅಥವಾ ಅಂಗೈಯಿಟ್ಟು ತಿಳಿಯಬಹುದು. ಕರುಳಿನ ಚಲನೆ ಹಾಗೂ ಚರ್ಮದ ಅದಿರಾಟವನ್ನು ಮರಿಯ ಚಲನೆಯೆಂದು ತಪ್ಪಾಗಿ ಗ್ರಹಿಸುವ ಸಾಧ್ಯತೆಯಿದೆ. ಚಲನೆ ಕಾಣದಿರುವುದು ಗರ್ಭವಿಲ್ಲ ಎಂಬುದಕ್ಕೂ ಪುರಾವೆಯಲ್ಲ.

### ಜನಪ್ರಿಯ ನಂಬಿಕೆಗಳು

ದಾರಕ್ಕೆ ಉಂಗುರ ಕಟ್ಟಿ ಹೊಟ್ಟೆಯ ಮೇಲೆ ತೂಗಿಬಿಟ್ಟು ಅದರ ಓಲಾಟವನ್ನು ನೋಡುವ ಕ್ರಮಕ್ಕೆ ವೈಜ್ಞಾನಿಕ ಆಧಾರವಿಲ್ಲ. ಔಷಧದಂಗಡಿಗಳಲ್ಲಿ ದೊರೆಯುವ, ಮನುಷ್ಯರಿಗಾಗಿ ತಯಾರಿಸಿದ ಗರ್ಭಪರೀಕ್ಷೆಯ ಪಟ್ಟಿಗಳೂ ಕುದುರೆಗಳಿಗೆ ಉಪಯೋಗವಾಗುವುದಿಲ್ಲ. ಆ ಪಟ್ಟಿಗಳು ಮಾನವ ಕೋರಿಯಾನಿಕ್ ಗೊನಾಡೊಟ್ರೋಪಿನ್ ಎಂಬ ಹಾರ್ಮೋನನ್ನು ಗುರುತಿಸುತ್ತವೆ. ಕುದುರೆಯ ಗರ್ಭದಲ್ಲಿ ಉತ್ಪತ್ತಿಯಾಗುವ ಹಾರ್ಮೋನು ರಚನೆಯಲ್ಲಿ ಅದಕ್ಕಿಂತ ಭಿನ್ನವಾದುದು.

## ಪರೀಕ್ಷಾ ವಿಧಾನಗಳು

### ಗುದನಾಳದ ಮೂಲಕ ಕೈಪರೀಕ್ಷೆ

ದೊಡ್ಡ ಕುದುರೆಗಳಲ್ಲಿ ಪಶುವೈದ್ಯರು ಗುದನಾಳದೊಳಗೆ ಕೈಹಾಕಿ, ಅದರ ಗೋಡೆಯ ಮೂಲಕ ಗರ್ಭಕೋಶವನ್ನು ಮುಟ್ಟಿ ಪರೀಕ್ಷಿಸುತ್ತಾರೆ. ಮಿನಿಯೇಚರ್ ಕುದುರೆಯ ಗುದನಾಳವು ಕಿರಿದಾಗಿರುವುದರಿಂದ ಅದು ಹರಿಯುವ ಅಪಾಯವಿದೆ. ಗುದನಾಳವು ಹರಿದರೆ ಮಲವು ಹೊಟ್ಟೆಯ ಕುಳಿಗೆ ಸೇರಿ ಪ್ರಾಣಾಪಾಯ ಉಂಟಾಗಬಹುದು. ಆದ್ದರಿಂದ ಕುದುರೆಯ ಗಾತ್ರ, ವೈದ್ಯರ ಕೈಯ ಗಾತ್ರ ಮತ್ತು ಅನುಭವಗಳನ್ನು ಗಮನಿಸಿ ಮಾತ್ರ ಈ ಪರೀಕ್ಷೆಯನ್ನು ಕೈಗೊಳ್ಳಲಾಗುತ್ತದೆ.

### ಗುದನಾಳದ ಮೂಲಕ ಅಲ್ಟ್ರಾಸೌಂಡ್

ಕುದುರೆಗಳ ಗರ್ಭಪತ್ತೆಗೆ ಅಲ್ಟ್ರಾಸೌಂಡ್ ಬಳಸುವ ವಿಧಾನವನ್ನು ಫ್ರಾನ್ಸಿನ ಸಂಶೋಧಕರಾದ ಪಾಮರ್ ಮತ್ತು ದ್ರಿಯಾಂಕೂರ್ 1980ರಲ್ಲಿ ಪ್ರಕಟಿಸಿದರು. ಅಂಡ ಬಿಡುಗಡೆಯಾದ 14ರಿಂದ 16ನೆಯ ದಿನಗಳಲ್ಲಿ ಭ್ರೂಣಚೀಲವು ಪರದೆಯ ಮೇಲೆ ದುಂಡನೆಯ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಸುಮಾರು 16ನೆಯ ದಿನದವರೆಗೆ ಅದು ಗರ್ಭಕೋಶದೊಳಗೆ ಸಂಚರಿಸುತ್ತಿದ್ದು, ಬಳಿಕ ಒಂದೆಡೆ ನೆಲೆಗೊಳ್ಳುತ್ತದೆ. ಅವಳಿಗಳಿದ್ದರೆ, ನೆಲೆಗೊಳ್ಳುವ ಮೊದಲೇ ಒಂದನ್ನು ತೆಗೆದುಹಾಕುವುದು ಸುಲಭವಾದ ಕಾರಣ ಮೊದಲ ಪರೀಕ್ಷೆಯನ್ನು ಈ ದಿನಗಳಲ್ಲಿಯೇ ಮಾಡಲಾಗುತ್ತದೆ. ಸುಮಾರು 25ನೆಯ ದಿನದ ವೇಳೆಗೆ ಭ್ರೂಣದ ಹೃದಯಬಡಿತವು ಕಾಣಸಿಗುತ್ತದೆ.

ಮಿನಿಯೇಚರ್ ಕುದುರೆಗಳಲ್ಲಿ ಕೈಯನ್ನು ಒಳಗೆ ಹಾಕುವ ಬದಲು ಪ್ರೋಬನ್ನು ಗಟ್ಟಿಯಾದ ಉದ್ದನೆಯ ಹಿಡಿಗೆ ಜೋಡಿಸಿ ಒಳಸೇರಿಸುವ ರೂಢಿಯಿದೆ. ಸಾಕಷ್ಟು ಜಾರುದ್ರವ, ಅಗತ್ಯವಿದ್ದರೆ ಶಾಮಕ ಔಷಧ ಹಾಗೂ ಗುದನಾಳದ ಸೆಳೆತವನ್ನು ಸಡಿಲಿಸುವ ಔಷಧಗಳನ್ನು ಬಳಸಲಾಗುತ್ತದೆ. ವಯಸ್ಸಾದ ಕುದುರೆಗಳ ಗರ್ಭಕೋಶದಲ್ಲಿ ಕಾಣಿಸಿಕೊಳ್ಳುವ ನೀರುಗುಳ್ಳೆಗಳು ಭ್ರೂಣಚೀಲವನ್ನೇ ಹೋಲುತ್ತವೆ. ಭ್ರೂಣಚೀಲವು ದಿನದಿಂದ ದಿನಕ್ಕೆ ಬೆಳೆಯುತ್ತದೆ, ಗುಳ್ಳೆಯು ಹಾಗೆ ಬೆಳೆಯುವುದಿಲ್ಲ. ಸಂದೇಹವಿದ್ದಾಗ ಕೆಲವು ದಿನಗಳ ನಂತರ ಪರೀಕ್ಷೆಯನ್ನು ಪುನರಾವರ್ತಿಸಿ ಇವೆರಡನ್ನು ಪ್ರತ್ಯೇಕಿಸಲಾಗುತ್ತದೆ.

### ಹೊಟ್ಟೆಯ ಮೇಲಿನಿಂದ ಅಲ್ಟ್ರಾಸೌಂಡ್

ಸುಮಾರು ಮೂರನೆಯ ತಿಂಗಳ ನಂತರ ಹೊಟ್ಟೆಯ ಕೆಳಭಾಗದಲ್ಲಿ, ಕೆಚ್ಚಲಿನ ಮುಂದುಗಡೆ ರೋಮವನ್ನು ಕತ್ತರಿಸಿ, ಜೆಲ್ ಹಚ್ಚಿ, ಪ್ರೋಬನ್ನು ಹೊರಗಿನಿಂದಲೇ ಇಟ್ಟು ಭ್ರೂಣವನ್ನು ನೋಡಬಹುದು. ಗುದನಾಳಕ್ಕೆ ಹಾನಿಯಾಗುವ ಭಯವಿಲ್ಲದ ಕಾರಣ ಇದು ಮಿನಿಯೇಚರ್ ಕುದುರೆಗಳಿಗೆ ಹೊಂದುವ ವಿಧಾನ. ಮರಿಯು ಜೀವಂತವಾಗಿದೆಯೇ ಎಂಬುದನ್ನು ಹೃದಯಬಡಿತದಿಂದ ನೇರವಾಗಿ ತಿಳಿಯಬಹುದಾದುದು ಇದರ ಇನ್ನೊಂದು ಪ್ರಯೋಜನ. ಗರ್ಭದ ಮೊದಲ ವಾರಗಳಲ್ಲಿ ಈ ವಿಧಾನವು ಉಪಯೋಗಕ್ಕೆ ಬರುವುದಿಲ್ಲ.

### ಪ್ರೊಜೆಸ್ಟರಾನ್ ಪರೀಕ್ಷೆ

ಅಂಡ ಬಿಡುಗಡೆಯಾದ 18ರಿಂದ 21ನೆಯ ದಿನಗಳಲ್ಲಿ ರಕ್ತದ ಪ್ರೊಜೆಸ್ಟರಾನ್ ಪ್ರಮಾಣವನ್ನು ಅಳೆಯಲಾಗುತ್ತದೆ. ಪ್ರಮಾಣ ಕಡಿಮೆಯಿದ್ದರೆ ಗರ್ಭವಿಲ್ಲದಿರುವ ಸಂಭವ ಹೆಚ್ಚು. ಪ್ರಮಾಣ ಹೆಚ್ಚಿದ್ದರೆ ಅಂಡಾಶಯದಲ್ಲಿ ಪೀತಪಿಂಡವು ಸಕ್ರಿಯವಾಗಿದೆ ಎಂದಷ್ಟೇ ಅರ್ಥ. ಗರ್ಭವಿದೆ ಎಂಬುದು ಅದರಿಂದ ಸಿದ್ಧವಾಗುವುದಿಲ್ಲ.

### ಅಶ್ವ ಕೋರಿಯಾನಿಕ್ ಗೊನಾಡೊಟ್ರೋಪಿನ್ ಪರೀಕ್ಷೆ

ಗರ್ಭದ ಸುಮಾರು 35ರಿಂದ 40ನೆಯ ದಿನಗಳಲ್ಲಿ ಭ್ರೂಣದ ಹೊರಪದರದ ಕೆಲವು ಜೀವಕೋಶಗಳು ತಾಯಿಯ ಗರ್ಭಕೋಶದ ಒಳಪದರಕ್ಕೆ ನುಗ್ಗಿ, ಬಟ್ಟಲಿನಾಕಾರದ ರಚನೆಗಳನ್ನು ನಿರ್ಮಿಸುತ್ತವೆ. ಎಂಡೊಮೆಟ್ರಿಯಲ್ ಕಪ್ ಎಂದು ಕರೆಯಲಾಗುವ ಇವು ಅಶ್ವ ಕೋರಿಯಾನಿಕ್ ಗೊನಾಡೊಟ್ರೋಪಿನ್ ಹಾರ್ಮೋನನ್ನು ಸ್ರವಿಸುತ್ತವೆ. ಗಬ್ಬದ ಕುದುರೆಯ ರಕ್ತದಲ್ಲಿ ಈ ಹಾರ್ಮೋನು ಇರುವುದನ್ನು ಅಮೆರಿಕದ ಹೆರಾಲ್ಡ್ ಕೋಲ್ ಮತ್ತು ಜಾರ್ಜ್ ಹಾರ್ಟ್ 1930ರಲ್ಲಿ ವರದಿ ಮಾಡಿದರು. ರಕ್ತದಲ್ಲಿ ಇದು ಸುಮಾರು 40ರಿಂದ 120ನೆಯ ದಿನದವರೆಗೆ ದೊರೆಯುತ್ತದೆ. ಭಾರತದಲ್ಲಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಈ ಹಾರ್ಮೋನನ್ನು ಗುರುತಿಸುವ ಇಲೈಸಾ ಕಿಟ್ ಒಂದನ್ನು ಅಭಿವೃದ್ಧಿಪಡಿಸಿದೆ.

ಈ ಪರೀಕ್ಷೆಗೆ ಒಂದು ಮುಖ್ಯ ಮಿತಿಯಿದೆ. ಬಟ್ಟಲುಗಳು ರಚನೆಯಾದ ಮೇಲೆ ಭ್ರೂಣವು ಸತ್ತರೂ ಅವು ತಮ್ಮ ಅವಧಿ ಮುಗಿಯುವವರೆಗೆ ಹಾರ್ಮೋನನ್ನು ಸ್ರವಿಸುತ್ತಲೇ ಇರುತ್ತವೆ. ಹೀಗಾಗಿ ಗರ್ಭವು ನಷ್ಟವಾಗಿದ್ದರೂ ಪರೀಕ್ಷೆಯು ‘ಗರ್ಭವಿದೆ’ ಎಂದು ತೋರಿಸಬಹುದು.

### ಈಸ್ಟ್ರೋನ್ ಸಲ್ಫೇಟ್ ಪರೀಕ್ಷೆ

ಗರ್ಭದಲ್ಲಿರುವ ಮರಿಯ ಜನನಗ್ರಂಥಿಗಳು ಪೂರ್ವವಸ್ತುಗಳನ್ನು ಒದಗಿಸುತ್ತವೆ. ಮಾಸು ಅವುಗಳನ್ನು ಈಸ್ಟ್ರೋಜನ್ ಹಾರ್ಮೋನುಗಳಾಗಿ ಪರಿವರ್ತಿಸುತ್ತದೆ. ಈ ಕ್ರಿಯೆಗೆ ಜೀವಂತ ಮರಿ ಅಗತ್ಯವಾದುದರಿಂದ, ರಕ್ತದಲ್ಲಿ ಈಸ್ಟ್ರೋನ್ ಸಲ್ಫೇಟ್ ಪ್ರಮಾಣ ಹೆಚ್ಚಿರುವುದು ಗರ್ಭವು ಜೀವಂತವಾಗಿದೆ ಎಂಬುದರ ಸೂಚನೆ. ಸುಮಾರು 100 ದಿನಗಳ ನಂತರ ಈ ಪರೀಕ್ಷೆಯು ವಿಶ್ವಾಸಾರ್ಹವಾಗುತ್ತದೆ. ಹೆರಿಗೆ ಸಮೀಪಿಸಿದಂತೆ ಪ್ರಮಾಣವು ಇಳಿಯುವುದರಿಂದ ಕೊನೆಯ ವಾರಗಳ ಫಲಿತಾಂಶವನ್ನು ಎಚ್ಚರಿಕೆಯಿಂದ ಅರ್ಥೈಸಬೇಕು.

ಗರ್ಭದ ಮಧ್ಯಭಾಗದ ನಂತರ ಈಸ್ಟ್ರೋಜನ್‌ಗಳು ಮೂತ್ರದಲ್ಲಿಯೂ ಸೆಗಣಿಯಲ್ಲಿಯೂ ಹೇರಳವಾಗಿ ಹೊರಬೀಳುತ್ತವೆ. ಮೂತ್ರದಲ್ಲಿನ ಈಸ್ಟ್ರೋಜನ್‌ಗಳನ್ನು ರಾಸಾಯನಿಕ ಕ್ರಿಯೆಯಿಂದ ಹೊಳೆಯುವಂತೆ ಮಾಡಿ ಗುರುತಿಸುವ ಕುಬೋನಿ ಪರೀಕ್ಷೆಯನ್ನು ಸುಮಾರು 150 ದಿನಗಳ ನಂತರ ಬಳಸಲಾಗುತ್ತಿತ್ತು. ಸೂಜಿ ಚುಚ್ಚಲು ಬಿಡದ ಅಥವಾ ಗುದನಾಳದ ಪರೀಕ್ಷೆ ಸಾಧ್ಯವಾಗದ ಸಣ್ಣ ಕುದುರೆಗಳಲ್ಲಿ ಮೂತ್ರ ಹಾಗೂ ಸೆಗಣಿಯ ಪರೀಕ್ಷೆಗಳು ಅನುಕೂಲಕರ.

## ಅವಧಿಗೆ ತಕ್ಕ ಪರೀಕ್ಷೆ

| ಗರ್ಭದ ಅವಧಿ (ಸುಮಾರು) | ಸೂಕ್ತ ಪರೀಕ್ಷೆ | ತಿಳಿಯುವ ವಿಷಯ |
|---|---|---|
| 14–16 ದಿನ | ಗುದನಾಳದ ಅಲ್ಟ್ರಾಸೌಂಡ್ | ಭ್ರೂಣಚೀಲ, ಅವಳಿ ಗರ್ಭ |
| 18–21 ದಿನ | ಪ್ರೊಜೆಸ್ಟರಾನ್ | ಪ್ರಮಾಣ ಕಡಿಮೆಯಿದ್ದರೆ ಗರ್ಭವಿಲ್ಲದಿರುವ ಸಂಭವ |
| 25–30 ದಿನ | ಗುದನಾಳದ ಅಲ್ಟ್ರಾಸೌಂಡ್ | ಭ್ರೂಣದ ಹೃದಯಬಡಿತ |
| 40–120 ದಿನ | ಅಶ್ವ ಕೋರಿಯಾನಿಕ್ ಗೊನಾಡೊಟ್ರೋಪಿನ್ | ಬಟ್ಟಲುಗಳ ರಚನೆ. ಮರಿಯ ಜೀವಂತಿಕೆ ತಿಳಿಯದು |
| 90 ದಿನಗಳ ನಂತರ | ಹೊಟ್ಟೆಯ ಮೇಲಿನಿಂದ ಅಲ್ಟ್ರಾಸೌಂಡ್ | ಮರಿ, ಹೃದಯಬಡಿತ |
| 100 ದಿನಗಳ ನಂತರ | ರಕ್ತದ ಈಸ್ಟ್ರೋನ್ ಸಲ್ಫೇಟ್ | ಜೀವಂತ ಗರ್ಭ |
| 150 ದಿನಗಳ ನಂತರ | ಮೂತ್ರ ಅಥವಾ ಸೆಗಣಿಯ ಈಸ್ಟ್ರೋಜನ್ | ಜೀವಂತ ಗರ್ಭ |

## ಹುಸಿ ಗರ್ಭ ಮತ್ತು ಗರ್ಭನಷ್ಟ

ಭ್ರೂಣವು ಆರಂಭದಲ್ಲಿ ರೂಪುಗೊಂಡು ನಂತರ ಸತ್ತಾಗ ಕುದುರೆಯು ಕೆಲಕಾಲ ಗಬ್ಬವಾಗಿರುವಂತೆಯೇ ವರ್ತಿಸುತ್ತದೆ. ಇದನ್ನು ಹುಸಿ ಗರ್ಭ ಎನ್ನುತ್ತಾರೆ. ಭ್ರೂಣವು 35ನೆಯ ದಿನದ ಒಳಗೆ ಸತ್ತರೆ, ಅದು ಪತ್ತೆಯಾದ ಮೇಲೆ ಕುದುರೆಯನ್ನು ಔಷಧದಿಂದ ಬೆದೆಗೆ ತಂದು ಅದೇ ಋತುವಿನಲ್ಲಿ ಮತ್ತೆ ಕೂಡಿಸಲು ಅವಕಾಶವಿರುತ್ತದೆ. ಎಂಡೊಮೆಟ್ರಿಯಲ್ ಕಪ್‌ಗಳು ರಚನೆಯಾದ ನಂತರ ಸತ್ತರೆ, ಅವು ಕ್ಷೀಣಿಸುವವರೆಗೆ ಫಲವತ್ತಾದ ಬೆದೆಯು ಮರಳುವುದು ಕಷ್ಟ. ಬಹಳಷ್ಟು ವೇಳೆ ಆ ವರ್ಷದ ಋತುವೇ ಕಳೆದುಹೋಗುತ್ತದೆ. ಇದೇ ಕಾರಣದಿಂದ 14–16ನೆಯ ದಿನದ ಪರೀಕ್ಷೆಯಲ್ಲಿ ಗರ್ಭ ಕಂಡುಬಂದರೂ 25–30ನೆಯ ದಿನಗಳಲ್ಲಿ ಎರಡನೆಯ ಪರೀಕ್ಷೆ ನಡೆಸುವುದು ರೂಢಿಯಲ್ಲಿದೆ.

## ಕೂಡಿದ ದಿನ ತಿಳಿಯದಿದ್ದಾಗ

ಗಂಡು ಕುದುರೆಯೊಡನೆ ಒಂದೇ ಬಯಲಿನಲ್ಲಿ ಮೇಯುತ್ತಿದ್ದ ಅಥವಾ ಹಿಂದಿನ ವಿವರಗಳಿಲ್ಲದೆ ಕೊಂಡುತಂದ ಕುದುರೆಗಳಲ್ಲಿ ದಿನಗಳ ಲೆಕ್ಕ ಸಾಧ್ಯವಾಗುವುದಿಲ್ಲ. ಹೆಣ್ಣು ಮತ್ತು ಗಂಡು ಮರಿಗಳೆರಡೂ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ಪ್ರಾಯಕ್ಕೆ ಬರುವುದರಿಂದ, ಎಳೆಯ ಮರಿಗಳನ್ನು ಒಟ್ಟಿಗೆ ಬಿಟ್ಟಿದ್ದರೂ ಗರ್ಭದ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಇಂತಹ ಸಂದರ್ಭದಲ್ಲಿ ಹೊಟ್ಟೆಯ ಮೇಲಿನ ಅಲ್ಟ್ರಾಸೌಂಡ್ ಮತ್ತು ಈಸ್ಟ್ರೋನ್ ಸಲ್ಫೇಟ್ ಪರೀಕ್ಷೆಗಳನ್ನು ಜೊತೆಯಾಗಿ ಬಳಸಲಾಗುತ್ತದೆ. ಎರಡರಲ್ಲಿಯೂ ಗರ್ಭ ಕಾಣದಿದ್ದರೆ, ಅದು ಇನ್ನೂ ಎಳೆಯದಾಗಿರುವ ಸಾಧ್ಯತೆ ಉಳಿಯುತ್ತದೆ. ಕುದುರೆಯನ್ನು ಗಂಡಿನಿಂದ ಬೇರ್ಪಡಿಸಿ ಸುಮಾರು ಮೂರೂವರೆ ತಿಂಗಳ ನಂತರ ಪರೀಕ್ಷೆಯನ್ನು ಪುನರಾವರ್ತಿಸಿದಾಗ, ಬೇರ್ಪಡಿಸಿದ ದಿನವೇ ಗರ್ಭಧಾರಣೆಯಾಗಿದ್ದರೂ ಅದು ಪರೀಕ್ಷೆಯ ವ್ಯಾಪ್ತಿಗೆ ಬಂದಿರುತ್ತದೆ. ಬೇರ್ಪಡಿಸಿದ ದಿನವನ್ನು ಬರೆದಿಟ್ಟುಕೊಂಡರೆ ಹೆರಿಗೆಯ ಕೊನೆಯ ಸಂಭಾವ್ಯ ದಿನವನ್ನೂ ಅಂದಾಜಿಸಬಹುದು. ಈ ಅವಧಿಯುದ್ದಕ್ಕೂ ಕುದುರೆಯನ್ನು ಗಬ್ಬವಾಗಿರಬಹುದು ಎಂದೇ ಪರಿಗಣಿಸಿ ಮೇವು ಮತ್ತು ಔಷಧಗಳನ್ನು ನೀಡುವುದು ಸುರಕ್ಷಿತ.

## ಗರ್ಭ ಖಚಿತವಾದ ಮೇಲೆ

ಗಬ್ಬದ ಕುದುರೆಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ ಅಶ್ವ ಹರ್ಪಿಸ್ ವೈರಾಣುವಿನ ವಿರುದ್ಧ 5, 7 ಮತ್ತು 9ನೆಯ ತಿಂಗಳುಗಳಲ್ಲಿ ಲಸಿಕೆ ನೀಡುವ ಕ್ರಮವಿದೆ. ಅಮೆರಿಕದ ಹುಲ್ಲುಗಾವಲುಗಳಲ್ಲಿ ಬೆಳೆಯುವ ಟಾಲ್ ಫೆಸ್ಕ್ಯೂ ಎಂಬ ಹುಲ್ಲಿನಲ್ಲಿ ಶಿಲೀಂಧ್ರದ ಸೋಂಕಿದ್ದರೆ ಗರ್ಭಾವಧಿ ದೀರ್ಘವಾಗುವುದು, ಮಾಸು ದಪ್ಪವಾಗುವುದು ಮತ್ತು ಹಾಲು ಬತ್ತುವುದು ಸಂಭವಿಸುತ್ತದೆ. ಆದ್ದರಿಂದ ಕೊನೆಯ ಎರಡು ಮೂರು ತಿಂಗಳು ಕುದುರೆಯನ್ನು ಆ ಹುಲ್ಲಿನಿಂದ ದೂರವಿರಿಸಲಾಗುತ್ತದೆ. ಮೇವಿನ ಬದಲಾವಣೆಗಳು ನಿಧಾನವಾಗಿರಬೇಕು. ಗಬ್ಬದ ಕುದುರೆಯು ಒಂದು ದಿನ ಮೇವು ಬಿಟ್ಟರೂ ಪಶುವೈದ್ಯರ ಗಮನಕ್ಕೆ ತರುವುದು ಅಗತ್ಯ.

## ಹೆರಿಗೆ ಸಮೀಪಿಸಿದ ಲಕ್ಷಣಗಳು

ಸಾಮಾನ್ಯವಾಗಿ ಹೆರಿಗೆಗೆ 2ರಿಂದ 6 ವಾರಗಳ ಮೊದಲು ಕೆಚ್ಚಲು ತುಂಬತೊಡಗುತ್ತದೆ. ಬಾಲದ ಬುಡದ ಅಕ್ಕಪಕ್ಕದ ಸ್ನಾಯುಗಳು ಸಡಿಲಗೊಂಡು ತಗ್ಗು ಬೀಳುತ್ತವೆ ಹಾಗೂ ಯೋನಿದ್ವಾರವು ಉದ್ದವಾಗುತ್ತದೆ. ಹೆರಿಗೆಗೆ ಒಂದೆರಡು ದಿನಗಳಿರುವಾಗ ಮೊಲೆತೊಟ್ಟಿನ ತುದಿಯಲ್ಲಿ ಗಿಣ್ಣುಹಾಲು ಮೇಣದ ಹನಿಯಂತೆ ಗಟ್ಟಿಯಾಗಿ ನಿಲ್ಲಬಹುದು. ಕೆಚ್ಚಲಿನ ದ್ರವದಲ್ಲಿ ಕ್ಯಾಲ್ಸಿಯಂ ಏರಿ ಆಮ್ಲೀಯತೆ ಹೆಚ್ಚುವುದನ್ನು ಪರೀಕ್ಷಾ ಪಟ್ಟಿಗಳಿಂದ ತಿಳಿಯಬಹುದು. ಇದಕ್ಕೆ ಕೆಲವೇ ಹನಿಗಳು ಸಾಕು. ಮರಿಗೆ ರೋಗನಿರೋಧಕ ಶಕ್ತಿ ನೀಡುವ ಗಿಣ್ಣುಹಾಲನ್ನು ಹೆಚ್ಚು ಕರೆಯಬಾರದು. ಚೊಚ್ಚಲು ಕುದುರೆಗಳಲ್ಲಿ ಈ ಲಕ್ಷಣಗಳು ಸ್ಪಷ್ಟವಾಗಿ ಕಾಣದೆಯೇ ಹೆರಿಗೆಯಾಗುವುದುಂಟು.

ನೀರುಚೀಲ ಒಡೆದ ಬಳಿಕ 20ರಿಂದ 30 ನಿಮಿಷಗಳೊಳಗೆ ಮರಿ ಹೊರಬರುವುದು ಸಹಜ. ಅದಕ್ಕಿಂತ ತಡವಾದರೆ, ಬಿಳಿಯ ಪೊರೆಯ ಬದಲು ಕೆಂಪು ಮಖಮಲ್ಲಿನಂತಹ ಪೊರೆಯು ಮೊದಲು ಕಾಣಿಸಿಕೊಂಡರೆ, ಇಲ್ಲವೇ ಮರಿ ಹುಟ್ಟಿದ 3 ಗಂಟೆಗಳ ನಂತರವೂ ಮಾಸು ಬೀಳದಿದ್ದರೆ ಅದು ತುರ್ತು ಸ್ಥಿತಿ. ಕೆಂಪು ಪೊರೆಯು ಮಾಸು ಗರ್ಭಕೋಶದಿಂದ ಅವಧಿಗೆ ಮುನ್ನವೇ ಬೇರ್ಪಟ್ಟಿರುವುದರ ಗುರುತು. ಆಗ ಮರಿಗೆ ಆಮ್ಲಜನಕದ ಪೂರೈಕೆ ನಿಲ್ಲುವುದರಿಂದ, ಪೊರೆಯನ್ನು ತಕ್ಷಣ ಹರಿದು ಮರಿಯನ್ನು ಹೊರತೆಗೆಯಬೇಕಾಗುತ್ತದೆ.